ಮಾಪ್ ಎಣಿಕೆಗೆ ಬಾರ್‌ಕೋಡ್, ಆರ್‌ಎಫ್, ಆರ್‌ಎಫ್‌ಐಡಿ: ನಮ್ಮಂಥ ಆಸ್ಪತ್ರೆಗೆ ಯಾವುದು ಹೊಂದುತ್ತದೆ?

ಪ್ರಶ್ನೆ: ಓಟಿ ಇನ್‌ಚಾರ್ಜ್ ಸಿಸ್ಟರ್, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಕೊಪ್ಪಳದ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಓಟಿ ಇನ್‌ಚಾರ್ಜ್ ಆಗಿ ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿ ಎರಡು ಓಟಿಗಳಿವೆ (ಶಸ್ತ್ರಚಿಕಿತ್ಸಾ ಕೊಠಡಿಗಳು). ಹಗಲಿನಲ್ಲಿ ಹರ್ನಿಯಾ, ಪಿತ್ತಕೋಶ, ಗರ್ಭಕೋಶ ಮುಂತಾದ ಮೊದಲೇ ನಿಗದಿಯಾದ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. ರಾತ್ರಿ ಹೊತ್ತು ಕುಷ್ಟಗಿ, ಯಲಬುರ್ಗಾ, ಕನಕಗಿರಿ ಕಡೆಯಿಂದ ತುರ್ತು ಸಿಸೇರಿಯನ್‌ಗಳು, ಕರುಳಿಗೆ ರಂಧ್ರವಾಗಿ ಬಂದವರು, ಅಪಘಾತದಲ್ಲಿ ಹೊಟ್ಟೆಗೆ ಪೆಟ್ಟು ಬಿದ್ದವರು ಬರುತ್ತಾರೆ. ಶಸ್ತ್ರಚಿಕಿತ್ಸೆಯ ವೇಳೆ ರಕ್ತ ಹೀರಲು ಬಳಸುವ ಮಾಪ್ (ದಪ್ಪ ಬಟ್ಟೆ) ಅಥವಾ ಗಾಜ್ (ತೆಳು ಹತ್ತಿಬಟ್ಟೆಯ ತುಂಡು) ಹೊಟ್ಟೆಯೊಳಗೆ ಉಳಿಯುವುದನ್ನು ತಡೆಯುವ ಉಪಕರಣವೊಂದನ್ನು ಕೊಳ್ಳಲು ಆಡಳಿತ ಮಂಡಳಿ ಮನಸ್ಸು ಮಾಡಿದ್ದು, ಯಾವುದು ತಕ್ಕದ್ದು ಎಂದು ಲಿಖಿತ ಅಭಿಪ್ರಾಯ ಕೊಡುವ ಹೊಣೆಯನ್ನು ನನಗೆ ಒಪ್ಪಿಸಿದೆ.

ಈಗಿನ ನಮ್ಮ ಪದ್ಧತಿಯನ್ನು ಮೊದಲು ತಿಳಿಸುತ್ತೇನೆ. ಗಾಜ್ ಬಟ್ಟೆ ಥಾನಿನಲ್ಲಿ ಬರುತ್ತದೆ. ಸಿಎಸ್‌ಎಸ್‌ಡಿಯ (ಉಪಕರಣ, ಬಟ್ಟೆಗಳನ್ನು ಕ್ರಿಮಿರಹಿತ ಮಾಡುವ ವಿಭಾಗ) ಸಹಾಯಕಿಯರು ಅದನ್ನು ಕತ್ತರಿಸಿ, ಮಡಚಿ, ಹತ್ತರ ಕಟ್ಟು ಮಾಡಿ, ಡ್ರಮ್ಮಿಗೆ ತುಂಬಿ ಆಟೋಕ್ಲೇವ್ ಮಾಡುತ್ತಾರೆ (ಒತ್ತಡದ ಹಬೆಯಲ್ಲಿ ಕ್ರಿಮಿರಹಿತ ಮಾಡುತ್ತಾರೆ). ಹತ್ತರ ಕಟ್ಟಿನಲ್ಲಿ ಒಮ್ಮೊಮ್ಮೆ ಒಂಬತ್ತೋ ಹನ್ನೊಂದೋ ಇರುವುದುಂಟು. ಆದ್ದರಿಂದ ಕಟ್ಟು ಬಿಚ್ಚಿದೊಡನೆ ಸ್ಕ್ರಬ್ ನರ್ಸ್ (ಶಸ್ತ್ರಚಿಕಿತ್ಸಕರಿಗೆ ಉಪಕರಣ ಕೊಡುವವರು) ಮತ್ತು ಫ್ಲೋರ್ ನರ್ಸ್ (ಹೊರಗಿನ ಕೆಲಸ ನೋಡುವವರು) ಇಬ್ಬರೂ ಕೂಡಿ ಗಟ್ಟಿಯಾಗಿ ಎಣಿಸಿ ಬೋರ್ಡಿನ ಮೇಲೆ ಬರೆಯುತ್ತಾರೆ. ಬಳಸಿದ್ದು ನೆಲದ ಮೇಲಿನ ಕಿಕ್ ಬಕೆಟ್ಟಿಗೆ ಹೋಗುತ್ತದೆ. ಹೊಟ್ಟೆ ಮುಚ್ಚುವ ಮೊದಲು ಫ್ಲೋರ್ ನರ್ಸ್ ಒಂದೊಂದನ್ನೂ ಫೋರ್ಸೆಪ್ಸ್‌ನಿಂದ ಎತ್ತಿ, ಬಿಡಿಸಿ, ರಬ್ಬರ್ ಶೀಟಿನ ಮೇಲೆ ಐದೈದರ ಸಾಲಿನಲ್ಲಿ ಹಾಸಿ ಲೆಕ್ಕ ಒಪ್ಪಿಸುತ್ತಾರೆ. ರಕ್ತ ಹೀರಿದ ಎರಡು ಗಾಜ್ ತುಂಡುಗಳು ಒಂದಕ್ಕೊಂದು ಅಂಟಿಕೊಂಡರೆ ಒಂದೇ ತುಂಡಿನಂತೆ ಕಾಣುತ್ತವೆ. ಅಂಚು ಹಿಡಿದು ಎಳೆದು ನೋಡಿದರಷ್ಟೇ ಎರಡೆಂದು ತಿಳಿಯುತ್ತದೆ. ರಾತ್ರಿ ಎರಡು ಗಂಟೆಗೆ ರಕ್ತಸ್ರಾವ ನಿಲ್ಲದ ಕೇಸಿನಲ್ಲಿ, ಅದೇ ಫ್ಲೋರ್ ನರ್ಸ್ ಬ್ಲಡ್ ಬ್ಯಾಂಕಿಗೂ ಫೋನ್ ಮಾಡಬೇಕಾಗಿರುವಾಗ, ಈ ಕೆಲಸ ಎಷ್ಟು ಕಷ್ಟವೆಂಬುದು ಓಟಿಯಲ್ಲಿ ನಿಂತವರಿಗೆ ಗೊತ್ತು.

ಡೀಲರುಗಳು ಬಂದು ಮೂರು ಬಗೆಯ ವ್ಯವಸ್ಥೆಗಳನ್ನು ವಿವರಿಸಿದ್ದಾರೆ. ಒಂದರಲ್ಲಿ ಪ್ರತಿ ಮಾಪ್‌ಗೂ ಬಾರ್‌ಕೋಡ್ ಇದ್ದು ಸ್ಕ್ಯಾನರಿನಿಂದ ಓದಬೇಕು. ಇನ್ನೊಂದು ಆರ್‌ಎಫ್, ಅಂದರೆ ರೇಡಿಯೊ ತರಂಗದ್ದು; ಅದರಲ್ಲಿ ಮಾಪಿನೊಳಗೆ ಸಣ್ಣ ಟ್ಯಾಗ್ ಹೊಲಿದಿದ್ದು, ರೋಗಿಯ ಮೈಮೇಲೆ ದಂಡವನ್ನು ಆಡಿಸಿದರೆ ಒಳಗೆ ಉಳಿದದ್ದು ತಿಳಿಯುತ್ತದೆ. ಮೂರನೆಯದು ಎಣಿಕೆ, ಹುಡುಕಾಟ ಎರಡನ್ನೂ ಮಾಡುತ್ತದೆಂದು ಹೇಳುವ ಆರ್‌ಎಫ್‌ಐಡಿ (ರೇಡಿಯೊ ತರಂಗದಿಂದ ಟ್ಯಾಗಿನ ಸಂಖ್ಯೆಯನ್ನೂ ಓದುವ ತಂತ್ರ). ಮೂವರೂ ತಮ್ಮದೇ ಶ್ರೇಷ್ಠವೆಂದು ಹೇಳಿದ್ದರಿಂದ ನನಗೆ ತೀರ್ಮಾನಕ್ಕೆ ಬರಲು ಆಗುತ್ತಿಲ್ಲ. ಅನುಭವವಿದ್ದವರು, ಈ ವಿಷಯವನ್ನು ಓದಿಕೊಂಡವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ. ಎಕ್ಸ್-ರೇ ಒಂದರಿಂದಲೇ ಕೆಲಸ ಸಾಗುವುದಿಲ್ಲವೇ ಎಂದು ನಮ್ಮ ಆಡಳಿತಾಧಿಕಾರಿಗಳು ಕೇಳಿದ್ದಾರೆ; ಅದಕ್ಕೂ ಉತ್ತರ ಬೇಕಾಗಿದೆ.

ಉತ್ತರ: ಸಾಮಾನ್ಯ ಶಸ್ತ್ರಚಿಕಿತ್ಸಕ, ಬಳ್ಳಾರಿ

ಸಿಸ್ಟರ್, ಡೀಲರುಗಳ ಮಾತನ್ನು ಬದಿಗಿಟ್ಟು, ನಿಮ್ಮ ಓಟಿಯಲ್ಲಿ ಯಾವ ಬಗೆಯ ಲೋಪವನ್ನು ಹಿಡಿಯಬೇಕಾಗಿದೆ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ಲೋಪಗಳು ಎರಡು ಬಗೆಯವು. ಲೆಕ್ಕ ತಾಳೆಯಾಗುವುದಿಲ್ಲ, ಒಂದು ಮಾಪ್ ಕಡಿಮೆ ಎಂದು ಗೊತ್ತಾಗುತ್ತದೆ, ಆದರೆ ಅದು ಎಲ್ಲಿದೆ ಎಂದು ತಿಳಿಯುವುದಿಲ್ಲ: ಇದು ಮೊದಲನೆಯದು. ಲೆಕ್ಕ ಸರಿಯಿದೆ ಎಂದು ಎಲ್ಲರೂ ನಂಬಿ, ಹಾಳೆಯಲ್ಲಿ ಸಹಿ ಮಾಡಿ, ಹೊಟ್ಟೆ ಮುಚ್ಚಿರುತ್ತಾರೆ, ಆದರೆ ಮಾಪ್ ಒಳಗೇ ಇರುತ್ತದೆ: ಇದು ಎರಡನೆಯದು. ಮೊದಲನೆಯದರಲ್ಲಿ ಕನಿಷ್ಠ ಪಕ್ಷ ಹುಡುಕಾಟ ನಡೆಯುತ್ತದೆ. ಎರಡನೆಯದರಲ್ಲಿ ಯಾರಿಗೂ ಅನುಮಾನವೇ ಬರುವುದಿಲ್ಲ. ವಾರಗಳ ಮೇಲೆ, ಕೆಲವೊಮ್ಮೆ ವರ್ಷಗಳ ಮೇಲೆ ಜ್ವರ, ಗಡ್ಡೆ, ಕರುಳಿನ ಅಡಚಣೆಯಾಗಿ ಅದು ಹೊರಬೀಳುತ್ತದೆ.

ಅಚ್ಚರಿಯ ಸಂಗತಿಯೆಂದರೆ, ಪ್ರಕರಣಗಳಲ್ಲಿ ಹೆಚ್ಚಿನವು ಈ ಎರಡನೆಯ ಬಗೆಯವೇ. ಅಮೆರಿಕದಲ್ಲಿ ಅತುಲ್ ಗವಾಂದೆ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 54 ರೋಗಿಗಳೊಳಗೆ ಉಳಿದಿದ್ದ 61 ವಸ್ತುಗಳನ್ನು ಪರಿಶೀಲಿಸಲಾಗಿತ್ತು. ಅವುಗಳಲ್ಲಿ ಶೇ 69ರಷ್ಟು ಮಾಪ್ ಮತ್ತು ಗಾಜ್; ಉಳಿದವು ಉಪಕರಣಗಳು. ಎಣಿಕೆ ನಡೆದಿದ್ದ ಪ್ರಕರಣಗಳಲ್ಲಿ ಶೇ 88ರಷ್ಟರಲ್ಲಿ ಲೆಕ್ಕ ಸರಿ ಎಂದೇ ಬರೆಯಲಾಗಿತ್ತು. ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಅಪಾಯ ಸುಮಾರು 9 ಪಟ್ಟು, ನಡುವೆ ಅನಿರೀಕ್ಷಿತವಾಗಿ ಶಸ್ತ್ರಚಿಕಿತ್ಸೆಯ ಸ್ವರೂಪವೇ ಬದಲಾದಾಗ ಸುಮಾರು 4 ಪಟ್ಟು ಹೆಚ್ಚುತ್ತದೆಂದು ಅದೇ ಅಧ್ಯಯನ ತೋರಿಸಿತು. ರೋಗಿಯ ಸ್ಥೂಲಕಾಯವೂ ಅಪಾಯದ ಕಾರಣಗಳಲ್ಲಿ ಒಂದಾಗಿತ್ತು. ನೀವು ಬರೆದಿರುವ ರಾತ್ರಿಯ ಕೇಸುಗಳಿಗೆ ಇವುಗಳಲ್ಲಿ ಮೊದಲೆರಡು ನೇರವಾಗಿ ಅನ್ವಯಿಸುತ್ತವೆ.

ಎಕ್ಸ್-ರೇ ಬಗ್ಗೆ ನಿಮ್ಮ ಆಡಳಿತಾಧಿಕಾರಿಗಳಿಗೆ ಹೀಗೆ ತಿಳಿಸಿ. ಬೇರಿಯಂ ಸಲ್ಫೇಟ್ ಸೇರಿಸಿದ ದಾರವನ್ನು ಮಾಪಿನಲ್ಲಿ ನೇಯ್ದಿದ್ದರೆ ಮಾತ್ರ ಅದು ಎಕ್ಸ್-ರೇಯಲ್ಲಿ ಕಾಣುತ್ತದೆ. ಥಾನಿನಿಂದ ಕತ್ತರಿಸಿದ ಬರೀ ಹತ್ತಿಯ ಗಾಜ್ ಕಾಣುವುದಿಲ್ಲ. ದಾರವಿದ್ದರೂ ಟೇಬಲ್ಲಿನ ಮೇಲೆ, ಮಂಪರಿನಲ್ಲಿರುವ ರೋಗಿಗೆ ತೆಗೆದ ಚಿತ್ರದಲ್ಲಿ ಅದನ್ನು ಗುರುತಿಸುವುದು ಸುಲಭವಲ್ಲ. ಸುರುಳಿಯಾದ ದಾರ ಬೆನ್ನುಮೂಳೆಯ ನೆರಳಿನಲ್ಲಿ ಅಡಗುತ್ತದೆ, ಚಿತ್ರದ ಅಂಚಿನಿಂದ ಹೊರಗೂ ಉಳಿಯಬಹುದು. ಅಮೆರಿಕದ ಮೇಯೊ ಕ್ಲಿನಿಕ್ ಆಸ್ಪತ್ರೆಯವರು 2008ರಲ್ಲಿ ತಮ್ಮದೇ ಪ್ರಕರಣಗಳನ್ನು ಪರಿಶೀಲಿಸಿದಾಗ, ಒಳಗೆ ಉಳಿದ ವಸ್ತುಗಳನ್ನು ಓಟಿಯಲ್ಲೇ ತೆಗೆದ ಎಕ್ಸ್-ರೇ ಶೇ 67ರಷ್ಟು ಸಂದರ್ಭಗಳಲ್ಲಿ ಮಾತ್ರ ಹಿಡಿದಿತ್ತು. ಅಲ್ಲಿಯೂ ಶೇ 62ರಷ್ಟು ಪ್ರಕರಣಗಳಲ್ಲಿ ಲೆಕ್ಕ ಸರಿ ಎಂದು ದಾಖಲಾಗಿತ್ತು. ಲೆಕ್ಕ ಸರಿ ಎಂದ ಮೇಲೆ ಎಕ್ಸ್-ರೇ ತೆಗೆಯಲು ಯಾರೂ ಹೇಳುವುದಿಲ್ಲ ಎಂಬುದು ಇನ್ನೂ ದೊಡ್ಡ ತೊಡಕು.

ಇನ್ನು ಮೂರು ವ್ಯವಸ್ಥೆಗಳ ವಿಚಾರ. ಬಾರ್‌ಕೋಡ್ ವ್ಯವಸ್ಥೆ ಎಣಿಕೆಯನ್ನು ಬಿಗಿ ಮಾಡುತ್ತದೆ, ಅಷ್ಟೇ. ಪ್ರತಿ ಮಾಪ್‌ಗೂ ಅದರದೇ ಆದ ಸಂಖ್ಯೆಯಿರುವುದರಿಂದ ಒಂದೇ ತುಂಡನ್ನು ಎರಡು ಬಾರಿ ಎಣಿಸಲು ಬರುವುದಿಲ್ಲ. ಅಂಟಿಕೊಂಡ ಎರಡು ತುಂಡುಗಳನ್ನು ಒಂದೆಂದು ಎಣಿಸಿದರೆ ಎರಡನೆಯದರ ಸಂಖ್ಯೆ ಬಾಕಿ ಎಂದು ಪರದೆಯ ಮೇಲೆ ಉಳಿಯುತ್ತದೆ. ಬಾಕಿ ಉಳಿದದ್ದು ಹೊಟ್ಟೆಯಲ್ಲಿದೆಯೋ, ಕಸದ ಚೀಲದಲ್ಲಿದೆಯೋ, ಅರಿವಳಿಕೆಯವರ ಟ್ರಾಲಿಯ ಕೆಳಗಿದೆಯೋ ಎಂದು ಅದು ಹೇಳುವುದಿಲ್ಲ. ಗ್ರೀನ್‌ಬರ್ಗ್ ಮತ್ತು ಸಂಗಡಿಗರು 300 ಶಸ್ತ್ರಚಿಕಿತ್ಸೆಗಳಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಾರ್‌ಕೋಡ್ ಹೆಚ್ಚು ವ್ಯತ್ಯಾಸಗಳನ್ನು ಹಿಡಿಯಿತು. ಆದರೆ ಎಣಿಕೆಗೆ ಹಿಡಿಯುವ ಸಮಯ ಸರಾಸರಿ 2.4 ನಿಮಿಷದಿಂದ 5.3 ನಿಮಿಷಕ್ಕೆ ಏರಿತು. ರಕ್ತ ಮೆತ್ತಿದ ಮಾಪನ್ನು ತಿರುಗಿಸಿ, ಕೋಡ್ ಇರುವ ಮೂಲೆ ಹುಡುಕಿ, ಸ್ಕ್ಯಾನರಿಗೆ ನೇರವಾಗಿ ಹಿಡಿಯಬೇಕಲ್ಲವೇ? ಆ ಸಮಯ ಅದಕ್ಕೇ ಹೋಗುತ್ತದೆ. ಹಾಗಿದ್ದರೂ ಶಿಸ್ತಿನಿಂದ ಬಳಸಿದಲ್ಲಿ ಫಲಿತಾಂಶ ಚೆನ್ನಾಗಿದೆ: ರೋಚೆಸ್ಟರ್‌ನ ಮೇಯೊ ಕ್ಲಿನಿಕ್‌ನಲ್ಲಿ ಕೋಡ್ ಇರುವ ಮಾಪ್‌ಗಳನ್ನು 18 ತಿಂಗಳು, 87,404 ಶಸ್ತ್ರಚಿಕಿತ್ಸೆಗಳಲ್ಲಿ ಬಳಸಿ, ಒಂದೂ ಮಾಪ್ ಒಳಗೆ ಉಳಿಯಲಿಲ್ಲವೆಂದು 2011ರಲ್ಲಿ ವರದಿ ಮಾಡಿದರು.

ಆರ್‌ಎಫ್ ವ್ಯವಸ್ಥೆ ಎಣಿಸುವುದೇ ಇಲ್ಲ. ಒಳಗೆ ಟ್ಯಾಗ್ ಇದೆಯೇ ಇಲ್ಲವೇ ಎಂಬ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತದೆ. ಲೆಕ್ಕ ಸರಿ ಎಂದು ಎಲ್ಲರೂ ನಂಬಿದಾಗಲೂ ಅದು ತನ್ನ ಪಾಡಿಗೆ ತಾನು ಹುಡುಕುತ್ತದೆ ಎಂಬುದೇ ಅದರ ದೊಡ್ಡ ಗುಣ. ನಾನು ಮೇಲೆ ಹೇಳಿದ ಎರಡನೆಯ ಬಗೆಯ ಲೋಪಕ್ಕೆ ಇದೇ ನೇರ ಮದ್ದು. 2,285 ರೋಗಿಗಳ ಮೇಲೆ ನಡೆದ ಅಧ್ಯಯನವೊಂದರಲ್ಲಿ, ಕೈ ಎಣಿಕೆಗೆ ಸಿಗದೆ ತಪ್ಪಿಸಿಕೊಳ್ಳಲಿದ್ದ ಒಂದು ಮಾಪನ್ನು ಅದು ಹಿಡಿದುಕೊಟ್ಟಿತು. ಒಂದೇ ಅಲ್ಲವೇ ಎಂದು ಕೇಳಬಹುದು. ಆ ಒಂದು ಹೊಟ್ಟೆ ಯಾರದು ಎಂಬುದನ್ನು ಯೋಚಿಸಿದರೆ ಹಾಗೆ ಕೇಳಲು ಮನಸ್ಸಾಗುವುದಿಲ್ಲ.

ಆರ್‌ಎಫ್‌ಐಡಿ ಎರಡನ್ನೂ ಮಾಡಬಲ್ಲದು ಎಂಬುದು ನಿಜ. ಅದರ ತಾಂತ್ರಿಕ ವಿವರವನ್ನು ಬಲ್ಲವರು ಹೇಳಲಿ. ಟ್ಯಾಬ್ಲೆಟ್ಟಿನ ಕ್ಯಾಮೆರಾದಿಂದ ಮಾಪ್‌ಗಳ ಚಿತ್ರ ತೆಗೆದು ಹೀರಿದ ರಕ್ತದ ಪ್ರಮಾಣವನ್ನು ಅಂದಾಜು ಮಾಡುವ ವ್ಯವಸ್ಥೆಗಳೂ ಇವೆ, ಎಣಿಕೆಗೂ ಅವು ನೆರವಾಗುತ್ತವೆ. ಆದರೆ ಕ್ಯಾಮೆರಾ ಹೊರಗೆ ಬಂದದ್ದನ್ನು ಮಾತ್ರ ನೋಡಬಲ್ಲದು.

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಯಾವ ಯಂತ್ರವನ್ನು ಕೊಳ್ಳುವ ಮೊದಲೂ ಥಾನಿನ ಗಾಜನ್ನು ಹೊಟ್ಟೆಯ ಶಸ್ತ್ರಚಿಕಿತ್ಸೆಯಿಂದ ಸಂಪೂರ್ಣವಾಗಿ ಹೊರಗಿಡಿ. ಕಾರ್ಖಾನೆಯಲ್ಲೇ ಐದರ ಅಥವಾ ಹತ್ತರ ಲೆಕ್ಕದಲ್ಲಿ ಪ್ಯಾಕ್ ಆಗಿ ಬರುವ, ಎಕ್ಸ್-ರೇಗೆ ಕಾಣುವ ದಾರವಿರುವ ಮಾಪ್ ಮತ್ತು ಗಾಜ್ ಮಾತ್ರ ಒಳಗೆ ಹೋಗಬೇಕು. ಪ್ಯಾಕಿನಲ್ಲಿ ಸಂಖ್ಯೆ ಹೆಚ್ಚುಕಡಿಮೆಯಾಗಿದ್ದರೆ ಇಡೀ ಪ್ಯಾಕನ್ನು ಬದಿಗಿಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಸುರಕ್ಷಿತ ಶಸ್ತ್ರಚಿಕಿತ್ಸಾ ಮಾರ್ಗಸೂಚಿ ಹೇಳುವುದೂ ಇದನ್ನೇ. ಇದಾದ ಮೇಲೆ ಹಣ ಉಳಿದರೆ, ಎರಡು ಓಟಿಗಳ ನಿಮ್ಮ ಆಸ್ಪತ್ರೆಗೆ ನಾನು ಆರ್‌ಎಫ್ ಪತ್ತೆ ವ್ಯವಸ್ಥೆಯನ್ನೇ ಸೂಚಿಸುತ್ತೇನೆ.

ಒಂದು ಎಚ್ಚರಿಕೆ ಮಾತ್ರ ತಪ್ಪದೆ ನೆನಪಿಡಿ. ಟ್ಯಾಗ್ ಇರುವ ಮಾಪ್‌ಗಳ ನಡುವೆ ಟ್ಯಾಗ್ ಇಲ್ಲದ ಒಂದೇ ಒಂದು ಗಾಜ್ ಟ್ರಾಲಿಗೆ ಬಂದರೂ ಯಂತ್ರ ತೋರಿಸುವ ಹಸಿರು ದೀಪಕ್ಕೆ ಅರ್ಥವಿರುವುದಿಲ್ಲ. ಅದು ಇಲ್ಲ ಎಂದು ಹೇಳುವುದು ಟ್ಯಾಗ್ ಇಲ್ಲ ಎಂದಷ್ಟೇ.

ಉತ್ತರ: ಬಯೋಮೆಡಿಕಲ್ ಎಂಜಿನಿಯರ್, ರಾಯಚೂರು

ಡಾಕ್ಟರ್ ಅವರು ಹೇಳಿದ ಎರಡು ಲೋಪಗಳ ವಿಂಗಡಣೆಯನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಕೊನೆಯ ಸೂಚನೆಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅದಕ್ಕೆ ಮೊದಲು ಆರ್‌ಎಫ್‌ಐಡಿ ವಿಚಾರ.

ಆರ್‌ಎಫ್‌ಐಡಿ ಎಂಬ ಒಂದೇ ಹೆಸರಿನಲ್ಲಿ ಬಹಳ ಬೇರೆ ಬೇರೆ ತಂತ್ರಗಳು ಮಾರಾಟವಾಗುತ್ತವೆ. ಆದ್ದರಿಂದ ಡೀಲರ್ ಬಾಯಿ ತೆರೆದೊಡನೆ ಕೇಳಬೇಕಾದ ಮೊದಲ ಪ್ರಶ್ನೆ, ಯಾವ ಫ್ರೀಕ್ವೆನ್ಸಿ ಎಂಬುದು. ಕೊಪ್ಪಳದಿಂದ ಬಳ್ಳಾರಿಗೆ ಕಾರಿನಲ್ಲಿ ಹೋಗುವವರೆಲ್ಲ ಫಾಸ್ಟ್ಯಾಗ್ ನೋಡಿದ್ದಾರೆ. ಕಾರಿನ ಮುಂಗನ್ನಡಿಗೆ ಅಂಟಿಸಿದ ಬ್ಯಾಟರಿಯಿಲ್ಲದ ಟ್ಯಾಗನ್ನು ಟೋಲ್‌ನ ಆಂಟೆನಾ ಹಲವು ಮೀಟರ್ ದೂರದಿಂದ ಓದುತ್ತದೆ. ಅದು ಅತಿ ಹೆಚ್ಚಿನ ಫ್ರೀಕ್ವೆನ್ಸಿಯ ತಂತ್ರ. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕೆಲಸ ಮಾಡುತ್ತದೆ. ಆ ಟ್ಯಾಗನ್ನೇ ರಕ್ತದಲ್ಲಿ ನೆನೆಸಿ, ಹೊಟ್ಟೆಯ ಆಳದಲ್ಲಿ ಇಟ್ಟರೆ ನೀರಿನಂಶ ಆ ತರಂಗಗಳನ್ನು ಹೀರಿಬಿಡುತ್ತದೆ, ಪಕ್ಕದ ಲೋಹದ ರಿಟ್ರ್ಯಾಕ್ಟರ್ (ಕೊಯ್ದ ಜಾಗವನ್ನು ಅಗಲಿಸಿ ಹಿಡಿಯುವ ಉಪಕರಣ) ಅವುಗಳನ್ನು ಅಡ್ಡಾದಿಡ್ಡಿ ಪ್ರತಿಫಲಿಸುತ್ತದೆ. ಹೊರಗೆ ಬಂದ ಮಾಪ್‌ಗಳನ್ನು ಬಕೆಟ್ಟಿನಲ್ಲೇ ಒಟ್ಟಿಗೆ ಎಣಿಸಲು ಆ ಪಟ್ಟಿ ಅನುಕೂಲಕರ. ಮೈಯೊಳಗೆ ಹುಡುಕಲು ಅದು ನಂಬತಕ್ಕದ್ದಲ್ಲ. 13.56 ಮೆಗಾಹರ್ಟ್ಸ್‌ನ ಟ್ಯಾಗ್‌ಗಳು ನೀರಿನ ಮೂಲಕ ಇದಕ್ಕಿಂತ ಚೆನ್ನಾಗಿ ಹಾಯುತ್ತವೆ, ಆದರೆ ಓದುವ ದೂರ ಕಡಿಮೆ. ಡಾಕ್ಟರ್ ಅವರು ಹೇಳಿದ ಬರೀ ಪತ್ತೆ ಮಾಡುವ ಆರ್‌ಎಫ್ ವ್ಯವಸ್ಥೆಯಲ್ಲಿ ಪ್ರಸಿದ್ಧವಾದದ್ದು ಸುಮಾರು 145 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅಷ್ಟು ಕಡಿಮೆ ಫ್ರೀಕ್ವೆನ್ಸಿಗೆ ಮನುಷ್ಯನ ಮೈ ಅಡ್ಡಿಯೇ ಅಲ್ಲ ಎನ್ನಬಹುದು.

ಅದನ್ನು ಪರೀಕ್ಷಿಸಿದ್ದಾರೆ ಕೂಡ. ವಿಕ್ಟೋರಿಯಾ ಸ್ಟೀಲ್‌ಮನ್ ಎಂಬ ನರ್ಸಿಂಗ್ ಸಂಶೋಧಕಿ 210 ಜನರ ಮೈಹಿಂದೆ ಟ್ಯಾಗ್ ಇರುವ ಮಾಪ್ ಇರಿಸಿ ಮುಂದಿನಿಂದ ದಂಡವನ್ನು ಆಡಿಸಿದಾಗ ಒಂದೂ ತಪ್ಪಲಿಲ್ಲವೆಂದು 2011ರಲ್ಲಿ ವರದಿ ಮಾಡಿದರು. ಟೇಬಲ್ಲಿನ ಹಾಸಿಗೆಯಡಿ ಹಾಕುವ ಪತ್ತೆ ಚಾಪೆಯನ್ನು ಮರುವರ್ಷ ಪರೀಕ್ಷಿಸಿದಾಗ ಒಟ್ಟು ಶೇ 98.1, ತೀವ್ರ ಸ್ಥೂಲಕಾಯದವರಲ್ಲಿ ಶೇ 96.9ರಷ್ಟು ಬಾರಿ ಮಾತ್ರ ಅದು ಹಿಡಿಯಿತು. ಆದ್ದರಿಂದ ಚಾಪೆಗಿಂತ ದಂಡ ಮೇಲು. ಆದರೆ ದಂಡವನ್ನು ಕಂಪನಿ ಹೇಳಿದ ಕ್ರಮದಲ್ಲಿ, ಹೇಳಿದ ವೇಗದಲ್ಲಿ, ಪಕ್ಕೆಗಳಿಂದ ಸೊಂಟದವರೆಗೆ ಪೂರ್ತಿ ಆಡಿಸಬೇಕು. ಆತುರದಲ್ಲಿ ಹೊಕ್ಕುಳ ಮೇಲೆ ಒಮ್ಮೆ ಬೀಸಿ ಮುಗಿಸಿದರೆ ಈ ಅಂಕಿಅಂಶಗಳು ನಿಮಗೆ ಅನ್ವಯಿಸುವುದಿಲ್ಲ.

ಇತರ ಉಪಕರಣಗಳ ಮೇಲಿನ ಪರಿಣಾಮವನ್ನೂ ಕೇಳಬೇಕು. ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತೀವ್ರ ನಿಗಾ ಘಟಕದ ಯಂತ್ರಗಳ ಬಳಿ ಟ್ಯಾಗ್ ಓದುವ ಆರ್‌ಎಫ್‌ಐಡಿ ರೀಡರ್‌ಗಳನ್ನಿಟ್ಟು ನಡೆಸಿದ 123 ಪರೀಕ್ಷೆಗಳಲ್ಲಿ 34 ಬಾರಿ ಅಡಚಣೆಯಾಯಿತು. ಅವುಗಳಲ್ಲಿ 22 ಅಪಾಯಕಾರಿ ಎಂದು ವರ್ಗೀಕರಿಸಲಾದವು. ಸಿರಿಂಜ್ ಪಂಪ್, ವೆಂಟಿಲೇಟರ್, ಪೇಸ್‌ಮೇಕರ್ ಇರುವ ರೋಗಿ, ಈ ಮೂರರ ಬಗ್ಗೆ ಕಂಪನಿಯಿಂದ ಲಿಖಿತ ಹೇಳಿಕೆ ಪಡೆಯಿರಿ. ಅರಿವಳಿಕೆ ತಜ್ಞರನ್ನು ಕೂರಿಸಿಕೊಂಡೇ ಡೆಮೊ ನೋಡಿ.

ಸ್ಟೆರಿಲೈಸೇಷನ್ ಕುರಿತೂ ಒಂದು ಮಾತು. ನೆನಪಿನ ಚಿಪ್ ಇರುವ ಸಾಮಾನ್ಯ ಆರ್‌ಎಫ್‌ಐಡಿ ಟ್ಯಾಗ್‌ನಲ್ಲಿ ಬರೆದಿರುವ ಸಂಖ್ಯೆ ಗಾಮಾ ಕಿರಣಕ್ಕೆ ಅಳಿಸಿಹೋಗಬಹುದು. ಚಿಪ್ ಇಲ್ಲದ, ಬರೀ ತಂತಿಸುರುಳಿ ಮತ್ತು ಕೆಪ್ಯಾಸಿಟರ್ ಇರುವ ಟ್ಯಾಗ್‌ಗೆ ಆ ಭಯವಿಲ್ಲ. ಇಂಥ ಮಾಪ್ ಸ್ಟೆರೈಲ್ ಆಗಿಯೇ ಬಂದರೆ ನಿಮ್ಮ ಡ್ರಮ್ಮಿಗೆ ಹಾಕಿ ಮತ್ತೆ ಆಟೋಕ್ಲೇವ್ ಮಾಡಬೇಡಿ, ತೊಳೆದು ಮರುಬಳಸುವ ಯೋಚನೆಯನ್ನಂತೂ ಬಿಟ್ಟುಬಿಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಸ್ಟೋರ್ ರೂಮುಗಳು ಎಷ್ಟು ಕಾಯುತ್ತವೆ ಎಂದು ನಿಮಗೇ ಗೊತ್ತು. ಪ್ಯಾಕಿನ ಮೇಲೆ ಮುದ್ರಿಸಿದ ಗರಿಷ್ಠ ತಾಪಮಾನವನ್ನು ಓದಿ ದಾಸ್ತಾನಿನ ಜಾಗ ನಿರ್ಧರಿಸಿ.

ನನ್ನ ಭಿನ್ನಾಭಿಪ್ರಾಯ ವೆಚ್ಚದ ಬಗ್ಗೆ. ಯಂತ್ರದ ಬೆಲೆ ಒಮ್ಮೆ ಕೊಡುವಂಥದ್ದು. ಮಾಪಿನ ಬೆಲೆ ಪ್ರತಿ ಕೇಸಿಗೂ ಕೊಡುವಂಥದ್ದು, ಅದೂ ಅದೇ ಕಂಪನಿಯಿಂದಲೇ ಕೊಳ್ಳಬೇಕಾದದ್ದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಪ್ಯಾಕೇಜ್ ದರದಲ್ಲಿ ನಡೆಯುವ ಶಸ್ತ್ರಚಿಕಿತ್ಸೆಗೆ ಆ ಹೆಚ್ಚಿನ ಹಣವನ್ನು ರೋಗಿಯಿಂದ ಪಡೆಯುವಂತಿಲ್ಲ, ಆಸ್ಪತ್ರೆಯೇ ಭರಿಸಬೇಕು. 2009ರಲ್ಲಿ ಅಮೆರಿಕದಲ್ಲಿ ಮಾಡಿದ ಲೆಕ್ಕಾಚಾರದ ಮಾದರಿಯೊಂದರ ಪ್ರಕಾರ, ಕೈ ಎಣಿಕೆ ಒಳಗೆ ಉಳಿಯಲಿದ್ದ ಮಾಪ್‌ಗಳಲ್ಲಿ ಶೇ 82ನ್ನು ತಡೆಯುತ್ತದೆ, ಬಾರ್‌ಕೋಡ್ ಸೇರಿಸಿದರೆ ಶೇ 97.5ಕ್ಕೆ ಏರುತ್ತದೆ, ಆರ್‌ಎಫ್‌ನ ವೆಚ್ಚ ಅದಕ್ಕಿಂತ ಬಹಳ ಹೆಚ್ಚು ಬೀಳುತ್ತದೆ, ಎಲ್ಲರಿಗೂ ಎಕ್ಸ್-ರೇ ತೆಗೆಯುವುದು ಎಲ್ಲಕ್ಕಿಂತ ದುಬಾರಿ. ಪೂರೈಕೆ ನಿಂತರೆ ಯಂತ್ರ ಮೂಲೆಗೆ ಸೇರುತ್ತದೆ ಎಂಬ ಭಯ ನನಗೆ ಹೆಚ್ಚು. ಆದ್ದರಿಂದ ಮೂರು ವರ್ಷದ ಮಾಪ್ ಪೂರೈಕೆಯ ದರವನ್ನು ಯಂತ್ರದ ದರದ ಜೊತೆಗೇ ಒಪ್ಪಂದದಲ್ಲಿ ಬರೆಸದೆ ಮುಂದುವರಿಯಬೇಡಿ. ಇನ್ನೊಂದು ವಿಷಯ: ಬಾರ್‌ಕೋಡನ್ನು ನಾವೇ ಪ್ರಿಂಟ್ ಮಾಡಿ ಮಾಪ್‌ಗೆ ಅಂಟಿಸಿದರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಕೂಡದು. ರಕ್ತದಲ್ಲಿ ನೆನೆದು ಕಿತ್ತುಬಂದ ಲೇಬಲ್ ತಾನೇ ಹೊಟ್ಟೆಯೊಳಗೆ ಉಳಿಯುವ ವಸ್ತುವಾಗುತ್ತದೆ.

ಮರುಪ್ರಶ್ನೆ: ಓಟಿ ಇನ್‌ಚಾರ್ಜ್ ಸಿಸ್ಟರ್, ಕೊಪ್ಪಳ

ಸರ್, ಇಬ್ಬರಿಗೂ ಅನಂತ ಧನ್ಯವಾದಗಳು. ಥಾನಿನ ಗಾಜನ್ನು ಹೊಟ್ಟೆಯ ಕೇಸುಗಳಿಂದ ಹೊರಗಿಡಬೇಕೆಂಬ ಮಾತನ್ನು ಅಭಿಪ್ರಾಯ ಪತ್ರದ ಮೊದಲ ಸಾಲಿನಲ್ಲೇ ಬರೆಯುತ್ತೇನೆ. ನನಗೆ ಉಳಿದಿರುವ ಅನುಮಾನ ಸಿಸೇರಿಯನ್ ಬಗ್ಗೆ. ನಮ್ಮಲ್ಲಿ ರಾತ್ರಿ ನಡೆಯುವ ಕೇಸುಗಳಲ್ಲಿ ಹೆಚ್ಚಿನವು ಅವೇ. ಆರ್‌ಎಫ್ ಮಾಪ್‌ಗಳನ್ನು ತುರ್ತು ಕೇಸುಗಳಿಗೆ ಮಾತ್ರ ಮೀಸಲಿಟ್ಟು, ಹಗಲಿನ ಕೇಸುಗಳಿಗೆ ದಾರವಿರುವ ಸಾಮಾನ್ಯ ಮಾಪ್ ಬಳಸಿದರೆ ಖರ್ಚು ತಗ್ಗುತ್ತದೆಯಲ್ಲವೇ? ಹಾಗೆ ಮಾಡಬಹುದೇ? ಹೆರಿಗೆ ಕೊಠಡಿಗೂ ಇದನ್ನು ವಿಸ್ತರಿಸಬೇಕೇ?

ಉತ್ತರ: ಸ್ತ್ರೀರೋಗ ಮತ್ತು ಪ್ರಸೂತಿ ತಜ್ಞೆ, ಸಿಂಧನೂರು

ಸಿಸ್ಟರ್, ಹೆರಿಗೆ ಕೊಠಡಿಯ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಎಲ್ಲರ ಗಮನ ಓಟಿಯ ಮೇಲೆಯೇ ಇರುತ್ತದೆ. ಹೆರಿಗೆಯ ನಂತರ ಎಪಿಸಿಯಾಟಮಿ (ಹೆರಿಗೆಗಾಗಿ ಯೋನಿದ್ವಾರದಲ್ಲಿ ಮಾಡಿದ ಕೊಯ್ತ) ಹೊಲಿಯುವಾಗ ರಕ್ತ ಕಾಣಿಸದಿರಲೆಂದು ಯೋನಿಯೊಳಗೆ ಗಾಜ್ ಇಡುತ್ತೇವೆ. ಅಲ್ಲಿ ಎಣಿಕೆಯ ಬೋರ್ಡ್ ಇರುವುದಿಲ್ಲ, ಸ್ಕ್ರಬ್ ನರ್ಸ್ ಇರುವುದಿಲ್ಲ, ಹೊಲಿಯುವವರೊಬ್ಬರೇ ಇರುತ್ತಾರೆ. ಮಗು ಅತ್ತರೆ ಎಲ್ಲರೂ ಆ ಕಡೆ ತಿರುಗುತ್ತಾರೆ. ಗಾಜ್ ಉಳಿದದ್ದು ಬಾಣಂತಿಗೆ ದುರ್ವಾಸನೆಯ ಸ್ರಾವವೋ ಜ್ವರವೋ ಬಂದಾಗ ತಿಳಿಯುತ್ತದೆ, ಅಷ್ಟರಲ್ಲಿ ಆಕೆ ತವರಿಗೆ ಹೋಗಿರುತ್ತಾಳೆ. ಇಲ್ಲಿಗೆ ಯಂತ್ರ ಬೇಡ. ಸಡಿಲ ಗಾಜನ್ನು ನಿಲ್ಲಿಸಿ, ಉದ್ದ ಬಾಲವಿರುವ ಟ್ಯಾಂಪನ್ (ರಕ್ತ ಹೀರುವ ಬತ್ತಿ) ಮಾತ್ರ ಬಳಸಿ. ಬಾಲದ ತುದಿಗೆ ಆರ್ಟರಿ ಫೋರ್ಸೆಪ್ಸ್ (ಕಚ್ಚಿ ಹಿಡಿಯುವ ಇಕ್ಕಳ) ಹಾಕಿ ಹೊರಗೆ ಬಿಡಿ. ಹೊಲಿಗೆಯ ಮೊದಲು, ನಂತರ ಎರಡು ಬಾರಿ ಎಣಿಸಿ ಕೇಸ್ ಶೀಟಿನಲ್ಲಿ ಇಬ್ಬರ ಸಹಿ ಪಡೆಯಿರಿ. ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ.

ಸಿಸೇರಿಯನ್‌ನಲ್ಲಿ ಎಣಿಕೆ ಗರ್ಭಕೋಶವನ್ನು ಮುಚ್ಚುವ ಮೊದಲು ಒಮ್ಮೆ, ಹೊಟ್ಟೆ ಮುಚ್ಚುವ ಮೊದಲು ಒಮ್ಮೆ, ಚರ್ಮ ಹೊಲಿಯುವಾಗ ಮತ್ತೊಮ್ಮೆ ನಡೆಯಬೇಕು. ಮೊದಲನೆಯದನ್ನು ಬಹಳ ಕಡೆ ಬಿಟ್ಟುಬಿಡುತ್ತಾರೆ. ಗರ್ಭಕೋಶದ ಒಳಗೋಡೆಯನ್ನು ಒರೆಸಿದ ಮಾಪ್ ಒಳಗೇ ಉಳಿದು ಹೊಲಿಗೆ ಮುಗಿದರೆ, ಆಮೇಲೆ ಹೊಟ್ಟೆಯನ್ನೆಲ್ಲ ಕೈಯಾಡಿಸಿ ಹುಡುಕಿದರೂ ಸಿಗುವುದಿಲ್ಲ.

ರಕ್ತಸ್ರಾವ ನಿಲ್ಲದೆ ಬೇಕೆಂದೇ ಮಾಪ್ ಒತ್ತಿ ಪ್ಯಾಕ್ ಮಾಡಿ, ರೋಗಿಯನ್ನು ಐಸಿಯುಗೆ ಅಥವಾ ದೊಡ್ಡ ಆಸ್ಪತ್ರೆಗೆ ಕಳಿಸುವ ಸಂದರ್ಭವನ್ನೂ ಯೋಜನೆಯಲ್ಲಿ ಸೇರಿಸಿ. ಆಗ ಆರ್‌ಎಫ್ ದಂಡ ಕೂಗಲೇಬೇಕು, ಕೂಗುತ್ತದೆ. ಎಷ್ಟು ಮಾಪ್ ಒಳಗಿವೆ ಎಂಬ ಸಂಖ್ಯೆಯನ್ನು ರೆಫರಲ್ ಪತ್ರದಲ್ಲಿ ದೊಡ್ಡಕ್ಷರದಲ್ಲಿ ಬರೆದು, ಜೊತೆಗೆ ಹೋಗುವ ಸಿಬ್ಬಂದಿಗೆ ಬಾಯಿಮಾತಿನಲ್ಲೂ ಒಪ್ಪಿಸಬೇಕು. ನಿಮ್ಮ ಮಾಪ್‌ಗೆ ಟ್ಯಾಗ್ ಇದ್ದು, ಬಳ್ಳಾರಿಯಲ್ಲೋ ಹುಬ್ಬಳ್ಳಿಯಲ್ಲೋ ರೀಡರ್ ಇಲ್ಲದಿದ್ದರೆ ಆ ಬರಹವೊಂದೇ ಆಧಾರ.

ಉತ್ತರ: ಸಾಮಾನ್ಯ ಶಸ್ತ್ರಚಿಕಿತ್ಸಕ, ಬಳ್ಳಾರಿ

ಮೇಡಂ ಅವರ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ತುರ್ತು ಕೇಸಿಗೆ ಮಾತ್ರ ಟ್ಯಾಗ್ ಮಾಪ್ ಎಂಬ ನಿಮ್ಮ ಯೋಚನೆ ಒಪ್ಪತಕ್ಕದ್ದೇ, ಆದರೆ ಎರಡು ಬಗೆಯ ಮಾಪ್‌ಗಳನ್ನು ಒಂದೇ ಕಪಾಟಿನಲ್ಲಿ ಇಡಬೇಡಿ. ತುರ್ತು ಓಟಿಯೊಂದನ್ನು ನಿಗದಿ ಮಾಡಿ, ಅಲ್ಲಿಗೆ ಬೇರೆ ಗಾಜ್ ಕಾಲಿಡದಂತೆ ನೋಡಿಕೊಳ್ಳಿ. ಹಗಲಿನ ಕೇಸು ನಡುವೆ ಕೈಮೀರಿದರೆ ಅಲ್ಲಿ ಎಕ್ಸ್-ರೇ ಕಡ್ಡಾಯವೆಂದು ಬರೆದಿಡಿ.

ರಬ್ಬರ್ ಶೀಟಿನ ಬದಲು ಅಮೆರಿಕದ ಶಸ್ತ್ರಚಿಕಿತ್ಸಕಿ ವರ್ನಾ ಗಿಬ್ಸ್ ರೂಢಿಗೆ ತಂದ ಜೇಬಿನ ಪದ್ಧತಿಯನ್ನು ಈಗಲೇ ಆರಂಭಿಸಬಹುದು. ಐವಿ ಸ್ಟ್ಯಾಂಡಿಗೆ ನೇತುಹಾಕುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ಹತ್ತು ಜೇಬುಗಳಿರುತ್ತವೆ. ಬಳಸಿದ ಪ್ರತಿ ಮಾಪ್ ಒಂದೊಂದು ಜೇಬಿಗೆ ಹೋಗುತ್ತದೆ. ಬಳಸದೆ ಉಳಿದವೂ ಕೊನೆಗೆ ಅಲ್ಲಿಗೇ ಹೋಗುತ್ತವೆ. ಯಾವ ಜೇಬೂ ಖಾಲಿ ಇಲ್ಲವೆಂದು ಶಸ್ತ್ರಚಿಕಿತ್ಸಕನೇ ಕಣ್ಣಾರೆ ನೋಡಿದ ಮೇಲೆ ಲೆಕ್ಕ ಮುಗಿಯುತ್ತದೆ. ಎಣಿಕೆ ನರ್ಸ್‌ಗಳ ಕೆಲಸವೆಂದು ನಮ್ಮ ವೃತ್ತಿಯವರು ಕೈತೊಳೆದುಕೊಳ್ಳುವುದನ್ನು ಈ ಪದ್ಧತಿ ತಪ್ಪಿಸುತ್ತದೆ, ಆದ್ದರಿಂದಲೇ ನನಗೆ ಇದರ ಮೇಲೆ ಗೌರವ. ಎಣಿಕೆ ತಾಳೆಯಾಗದೆ ಹುಡುಕಾಡುವಾಗ, ಮೊದಲು ಹೊಟ್ಟೆ ಮುಚ್ಚೋಣ ಎಂದು ಆತುರಪಡಿಸುವ ಶಸ್ತ್ರಚಿಕಿತ್ಸಕರನ್ನು ತಡೆಯುವ ಅಧಿಕಾರವನ್ನು ಸ್ಕ್ರಬ್ ನರ್ಸ್‌ಗೆ ಲಿಖಿತವಾಗಿ ಕೊಡಿಸಿ.

ಆಡಳಿತ ಮಂಡಳಿಗೆ ಕಾನೂನಿನ ಸಂಗತಿಯನ್ನೂ ತಿಳಿಸಬಹುದು. ಔರಂಗಾಬಾದ್‌ನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ವೇಳೆ ಬಾಣಂತಿಯ ಹೊಟ್ಟೆಯಲ್ಲಿ ಮಾಪ್ ಉಳಿದು ಆಕೆ ತೀರಿಕೊಂಡ ಪ್ರಕರಣದಲ್ಲಿ, ಅದನ್ನು ನಿರ್ಲಕ್ಷ್ಯವೆಂದು ಪರಿಗಣಿಸಿ ಸರ್ಕಾರವನ್ನು ಹೊಣೆ ಮಾಡಿದ ಸುಪ್ರೀಂ ಕೋರ್ಟ್ ತೀರ್ಪು 1996ರಲ್ಲಿ ಬಂತು. ಆ ಕುಟುಂಬ 33 ವರ್ಷ ಕಾಯಬೇಕಾಯಿತು.

ಉತ್ತರ: ಬಯೋಮೆಡಿಕಲ್ ಎಂಜಿನಿಯರ್, ರಾಯಚೂರು

ತುರ್ತು ಓಟಿಗೆ ಮಾತ್ರ ಎಂದಾದರೆ ವೆಚ್ಚದ ಬಗೆಗಿನ ನನ್ನ ಆಕ್ಷೇಪ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಆ ಓಟಿಗೆ ಆರ್‌ಎಫ್ ದಂಡವನ್ನು ನಾನೂ ಒಪ್ಪುತ್ತೇನೆ. ಖರೀದಿಗೆ ಮೊದಲು ಡೆಮೊವನ್ನು ನಿಮ್ಮ ಓಟಿಯಲ್ಲೇ, ನಿಮ್ಮ ಟೇಬಲ್ಲಿನ ಮೇಲೆಯೇ ಮಾಡಿಸಿ. ಸಲೈನಿನಲ್ಲಿ ನೆನೆಸಿದ ಟ್ಯಾಗ್ ಮಾಪನ್ನು ಸಿಬ್ಬಂದಿಯಲ್ಲಿ ದಪ್ಪ ಮೈಯ ಒಬ್ಬರ ಬೆನ್ನ ಕೆಳಗೆ ಇರಿಸಿ, ಮಾಪ್ ಇದೆಯೋ ಇಲ್ಲವೋ ಎಂದು ಡೀಲರಿಗೆ ಹೇಳದೆ, ನಿಮ್ಮ ರಾತ್ರಿ ಪಾಳಿಯ ನರ್ಸ್ ಕೈಯಲ್ಲಿ ದಂಡ ಕೊಟ್ಟು ಹುಡುಕಿಸಿ. ಡಯಾಥರ್ಮಿ (ವಿದ್ಯುತ್ತಿನಿಂದ ಕೊಯ್ದು ರಕ್ತ ನಿಲ್ಲಿಸುವ ಯಂತ್ರ) ಚಾಲೂ ಇರುವಾಗ ಒಮ್ಮೆ, ಎದುರಿಗೆ ಉಪಕರಣಗಳ ಟ್ರೇ ಇರುವಾಗ ಒಮ್ಮೆ ಮಾಡಿಸಿ. ನಂತರ ಮುಖ್ಯ ವಿದ್ಯುತ್ತನ್ನು ತೆಗೆದು ಜನರೇಟರಿಗೆ ಬದಲಾಯಿಸಿ, ಯಂತ್ರ ಮತ್ತೆ ಸಿದ್ಧವಾಗಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂದು ಗಡಿಯಾರ ಹಿಡಿದು ನೋಡಿ. ಕನ್ಸೋಲ್‌ಗೆ ಬೇರೆ ಯುಪಿಎಸ್ ಬೇಕಾದರೆ ಅದರ ಬೆಲೆಯನ್ನೂ ಕೊಟೇಷನ್‌ನಲ್ಲೇ ಸೇರಿಸಲು ಹೇಳಿ. ದಂಡ ಕೆಟ್ಟಾಗ ಬದಲಿ ದಂಡವನ್ನು ಎಷ್ಟು ಗಂಟೆಯೊಳಗೆ ಕೊಪ್ಪಳಕ್ಕೆ ತಲುಪಿಸುತ್ತಾರೆ ಎಂಬುದನ್ನು ಸರ್ವಿಸ್ ಒಪ್ಪಂದದಲ್ಲಿ ಬರೆಸಿ. ಬೆಂಗಳೂರಿನಿಂದ ಕಳಿಸುತ್ತೇವೆ ಎಂಬ ಉತ್ತರವನ್ನು ಒಪ್ಪಬೇಡಿ, ಒಂದು ಬದಲಿ ದಂಡ ನಿಮ್ಮ ಕಪಾಟಿನಲ್ಲೇ ಇರಬೇಕೆಂದು ಕೇಳಿ.